ಯಜಮಾನರು ಕೈ ಅದ್ದಿದ ತಟ್ಟೆ

ಈ ಊರಿನ ಒಂದೂವರೆ ಲಕ್ಷ ಜನರನ್ನು ಹೆತ್ತವನು ನಾನು. ನಗಬೇಡಿ. ಅವರವರ ತಾಯಂದಿರು ಹೆತ್ತದ್ದು ಬರೀ ಮೈ, ಮುಖ ಕೊಟ್ಟವನು ನಾನು. ತಾಯಿಗೆ ಒಂಬತ್ತು ತಿಂಗಳು ಬೇಕು, ನನಗೆ ಒಂದೂವರೆ ನಿಮಿಷ ಸಾಕು. ಬಿಳಿ ಕಾಗದವನ್ನು ನನ್ನ ನೀರಿಗೆ ಬಿಟ್ಟರೆ ಮೊದಲು ಕಣ್ಣಗುಡ್ಡೆ ಏಳುತ್ತದೆ, ಆಮೇಲೆ ಮೀಸೆ, ಕಿವಿ ಕೊನೆಗೆ. ಪಾಸ್‌ಪೋರ್ಟಿನ ಮುಖ, ಕಾಲೇಜು ಕಾರ್ಡಿನ ಮುಖ, ಸತ್ತವರ ಮನೆಯ ಗೋಡೆಯ ಮೇಲಿನ ಮುಖ, ಎಲ್ಲವೂ ನನ್ನ ಬಕೆಟ್ಟಿನಲ್ಲಿ ಹುಟ್ಟಿದವು. ಹೆರಿಗೆ ನೋವು ಎಂದರೇನೆಂದು ನನ್ನನ್ನು ಕೇಳಬೇಕು.

ನಾನು ಫೋಟೋ ಲ್ಯಾಬಿನಲ್ಲಿ ಔಷಧಿ ಕಲಸುವವನು. ಕಲಸುವವನು ಅಂದರೆ ಸಾಮಾನ್ಯನಲ್ಲ. ನೀರು ಇಪ್ಪತ್ತು ಡಿಗ್ರಿ ಇದೆಯೋ ಇಪ್ಪತ್ತೊಂದು ಇದೆಯೋ ಎಂದು ಕಿರುಬೆರಳು ತೋರಿಸಿಯೇ ಹೇಳಬಲ್ಲೆ, ಅದ್ದಬೇಕಾಗಿಲ್ಲ. ನನ್ನ ಹೆಜ್ಜೆ ಸಪ್ಪಳ ಕೇಳಿದರೆ ಡಬ್ಬಿಯಲ್ಲಿರುವ ಮೆಟಾಲ್ ಪುಡಿ ಎದ್ದು ನಿಲ್ಲುತ್ತದೆ. ಹೊಸಬರು ಮೊದಲು ಸಲ್ಫೈಟನ್ನು ಸುರಿದುಬಿಡುತ್ತಾರೆ. ಆಮೇಲೆ ಮೆಟಾಲ್ ಹಾಕಿದರೆ ಅದು ಕರಗದೆ, ಮುನಿಸಿಕೊಂಡ ಅಳಿಯನ ಹಾಗೆ ತಳ ಹಿಡಿದು ಕೂರುತ್ತದೆ. ಸಲ್ಫೈಟನ್ನು ಮೊದಲು ಒಂದು ಚಿಟಿಕೆ ಮಾತ್ರ ಹಾಕಬೇಕು. ಆಮೇಲೆ ಮೆಟಾಲ್. ಅದು ಪೂರ್ತಿ ಕರಗಿದ ಮೇಲೆ ಉಳಿದ ಸಲ್ಫೈಟ್, ಹೈಡ್ರೋಕ್ವಿನೋನ್, ಸೋಡಾ, ಬ್ರೋಮೈಡ್. ಈ ಕ್ರಮವನ್ನು ಜಗತ್ತಿಗೆ ಕಲಿಸಿದವನು ನಾನೇ ಅಂದರೂ ತಪ್ಪಿಲ್ಲ.

ಒಂದೊಂದಕ್ಕೂ ಒಂದೊಂದು ಗುಣ. ಮೆಟಾಲ್ ಮೈಗಳ್ಳನಲ್ಲ. ಫಿಲ್ಮೋ ಕಾಗದವೋ ಬಿದ್ದ ಕ್ಷಣ ಓಡಿಹೋಗಿ, ಬೆಳಕು ಸ್ವಲ್ಪವೇ ತಾಗಿದ ಜಾಗವನ್ನೂ ತಟ್ಟಿ ಎಬ್ಬಿಸುತ್ತದೆ. ಹೈಡ್ರೋಕ್ವಿನೋನ್ ಒಂಟಿಯಾಗಿದ್ದರೆ ಗೋಡೆಗೊರಗಿ ನಿದ್ದೆ ಹೊಡೆಯುತ್ತದೆ. ಇಬ್ಬರನ್ನೂ ಜೊತೆಗೆ ಬಿಟ್ಟರೆ ಮಾತ್ರ ಆಟ ಶುರು. ದುಡಿದು ಸುಸ್ತಾಗಿ ಬಿದ್ದ ಮೆಟಾಲನ್ನು ಹೈಡ್ರೋಕ್ವಿನೋನ್ ಹಿಡಿದೆತ್ತಿ, ಮೈ ಕೊಡವಿ, ಮತ್ತೆ ಕೆಲಸಕ್ಕೆ ನೂಕುತ್ತದೆ. ಸಲ್ಫೈಟ್ ಗಾಳಿಯನ್ನು ಒಳಗೆ ಬಿಡದ ಕಾವಲುಗಾರ. ಸೋಡಾ ಚಾಟಿ, ಬ್ರೋಮೈಡ್ ಕಡಿವಾಣ. ನಮ್ಮ ಯಜಮಾನರು ಇದನ್ನೆಲ್ಲ ಓದಿದವರಲ್ಲ. ಆದರೆ ಲ್ಯಾಬನ್ನು ಇದೇ ಸೂತ್ರದ ಮೇಲೆ ನಡೆಸುತ್ತಿದ್ದರು. ನಾವು ಸುಸ್ತಾಗಿ ಬೀಳುವ ಹೊತ್ತಿಗೆ ಸರಿಯಾಗಿ ಒಂದೊಂದು ಲೋಟ ಟೀ ಇಳಿದು ಬರುತ್ತಿತ್ತು. ಅದನ್ನು ಅವರು ದಯೆ ಎಂದು ಕರೆಯುತ್ತಿದ್ದರು.

ಯಜಮಾನರ ಹೆಸರು ನನಗೆ ಬಾಯಿಗೆ ಬರುವುದಿಲ್ಲ. ಹೆಂಗಸರು ಅವರನ್ನು ಬಿಳಿ ಅಂಗಿ ಎನ್ನುತ್ತಿದ್ದರು. ನಮ್ಮೆಲ್ಲರ ಉಗುರು ಕಂದು, ಸೆರಗು ಕಂದು, ಊಟದ ಡಬ್ಬಿಯ ಹಿಡಿ ಕೂಡ ಕಂದು. ಅವರ ಅಂಗಿಯ ಮೇಲೆ ಮಾತ್ರ ಇಪ್ಪತ್ತು ವರ್ಷದಲ್ಲಿ ಒಂದು ಚುಕ್ಕೆಯೂ ಬಿದ್ದಿರಲಿಲ್ಲ. ಫೋಟೋ ಲ್ಯಾಬಿನ ಒಡೆಯನ ಅಂಗಿಯ ಮೇಲೆ ಕಲೆಯಿಲ್ಲ ಅಂದರೆ ಅವನು ಲ್ಯಾಬಿನೊಳಗೆ ಬಂದೇ ಇಲ್ಲ ಎಂದು ತಿಳಿಯಬೇಕು. ಅದನ್ನೇ ಅವರು ಶಿಸ್ತು ಎಂದು ಹೇಳಿಕೊಂಡು ತಿರುಗುತ್ತಿದ್ದರು. ಆ ವರ್ಷ ಅವರಿಗೆ ಫೋಟೋ ವ್ಯಾಪಾರಿಗಳ ಸಂಘದ ಅಧ್ಯಕ್ಷರಾಗುವ ಚಪಲ ಹತ್ತಿತ್ತು. ಹಾಳು ಮುಖವನ್ನು ಬೇರೆ ಬೇರೆ ಕೋನದಿಂದ ತೆಗೆಸಿಕೊಂಡು, ಹಂಚಲಿಕ್ಕೆ ಐನೂರು ಪ್ರತಿ ಮಾಡಿ ಎಂದು ಕೆಳಗೆ ಕಳಿಸಿದ್ದರು.

ಕೆಳಗೆ ಅಂದರೆ ನೆಲಮಾಳಿಗೆ. ಹದಿನಾಲ್ಕು ಮೆಟ್ಟಿಲು, ಎರಡು ಕಪ್ಪು ಪರದೆ, ಒಂದು ಕೆಂಪು ಬಲ್ಬು. ಉದ್ದನೆಯ ಕಲ್ಲುಕಟ್ಟೆಯ ಮೇಲೆ ತಟ್ಟೆಗಳ ಸಾಲು: ಎರಡರಲ್ಲಿ ನಾನು ಕಲಸಿದ ಡೆವಲಪರ್, ಒಂದರಲ್ಲಿ ಅದರ ಕೆಲಸ ನಿಲ್ಲಿಸುವ ಹುಳಿ ನೀರು, ಒಂದರಲ್ಲಿ ಚಿತ್ರ ಮಾಸದಂತೆ ಕಾಯುವ ಹೈಪೋ. ಅಲ್ಲಿ ಮೂವರು ಹೆಂಗಸರು. ಒಬ್ಬಳು ನನ್ನ ಸ್ವಂತ ಅಕ್ಕ. ಇನ್ನೊಬ್ಬಳು ಬಾಗಿಲಿಗೆ ತಲೆ ತಗುಲುವ ಉದ್ದಕ್ಕ. ಮೂರನೆಯವಳು ಗೊಣಗಮ್ಮ, ಅವಳು ಸುಮ್ಮನಿದ್ದರೆ ಯಂತ್ರ ಕೆಟ್ಟಿತೆಂದು ನಾವು ಗಾಬರಿಯಾಗುತ್ತಿದ್ದೆವು.

ಕಾಗದವನ್ನು ಇಕ್ಕಳದಲ್ಲಿ ಹಿಡಿದು ಅದ್ದುವುದು ಕ್ರಮ. ಆದರೆ ಇಕ್ಕಳಕ್ಕೆ ಒಂದು ಸಲಕ್ಕೆ ಒಂದೇ ಹಾಳೆ. ಬರಿಗೈಗಾದರೆ ಮೂವತ್ತು. ಅಕ್ಕ ಮೂವತ್ತು ಹಾಳೆಯನ್ನು ಒಟ್ಟಿಗೆ ತಟ್ಟೆಗೆ ಬಿಟ್ಟು, ತಳದ್ದನ್ನು ಎಳೆದು ಮೇಲಕ್ಕೆ, ತಳದ್ದನ್ನು ಎಳೆದು ಮೇಲಕ್ಕೆ, ಇಸ್ಪೀಟು ಕಲೆಸುವ ಹಾಗೆ ತಿರುವುತ್ತಿದ್ದಳು. ಒಂದು ಹಾಳೆ ಇನ್ನೊಂದಕ್ಕೆ ಅಂಟುತ್ತಿರಲಿಲ್ಲ. ಮೂವತ್ತು ಮುಖವೂ ಒಂದೇ ಹದಕ್ಕೆ ಏಳುತ್ತಿದ್ದವು. ಅವಳಷ್ಟು ವೇಗದ ಕೈ ಏಳು ಸಮುದ್ರದಾಚೆಯೂ ಇಲ್ಲ, ಇದು ಮಾತ್ರ ಉತ್ಪ್ರೇಕ್ಷೆಯಲ್ಲ. ಯಜಮಾನರು ಇಕ್ಕಳಗಳನ್ನು ಬೀರುವಿಗೆ ಹಾಕಿ ಬೀಗ ಜಡಿದಿದ್ದರು. ಇಕ್ಕಳದಿಂದ ಕಾಗದಕ್ಕೆ ಗೀರು ಬೀಳುತ್ತದಂತೆ.

ಹಾಗಾಗಿ ದಿನಕ್ಕೆ ಎಂಟು ಗಂಟೆ ಕೈ ಮೆಟಾಲಿನಲ್ಲಿ.

ಮೆಟಾಲಿಗೆ ಒಂದು ಕೆಟ್ಟ ಬುದ್ಧಿಯಿದೆ. ಎಲ್ಲರ ಚರ್ಮಕ್ಕೂ ಅದು ಬಾಯಿ ಹಾಕುವುದಿಲ್ಲ. ಗುಂಪಿನಲ್ಲಿ ಒಬ್ಬರನ್ನು ಆರಿಸಿಕೊಳ್ಳುತ್ತದೆ. ಒಮ್ಮೆ ಹಿಡಿದರೆ ಆಮೇಲೆ ಒಂದು ಹನಿ ತಾಗಿದರೂ ಸಾಕು. ಅಕ್ಕನನ್ನು ಹಿಡಿಯಿತು. ಮೊದಲು ಬೆರಳ ಸಂದಿಯಲ್ಲಿ ತುರಿಕೆ. ಆಮೇಲೆ ಸಣ್ಣ ಸಣ್ಣ ನೀರು ಗುಳ್ಳೆ. ಆಮೇಲೆ ಚರ್ಮ ಒಣಗಿ, ಬೆರಳ ಗೆಣ್ಣಿನ ಮೇಲೆ ಸೀಳು. ಹುಳಿ ನೀರಿಗೆ ಕೈ ಹೋದರೆ ಅಕ್ಕ ಕೆಳತುಟಿ ಕಚ್ಚುತ್ತಿದ್ದಳು. ಮನೆಯಲ್ಲಿ ಮಗಳ ಜಡೆ ಹಾಕಲಾಗದೆ ನನ್ನನ್ನು ಕರೆಯುತ್ತಿದ್ದಳು. ನಾನು ಹಾಕಿದ ಜಡೆ ನೋಡಿ ಮಗಳು ಶಾಲೆಗೆ ಹೋಗುವುದಿಲ್ಲ ಎಂದು ಹಟ ಹಿಡಿಯುತ್ತಿದ್ದಳು.

ಒಂದು ದಿನ ಯಜಮಾನರು ಅಕ್ಕನನ್ನು ಮೇಲೆ ಕರೆಸಿದರು. ನಾನೂ ಹೋದೆ.

"ಏನಮ್ಮಾ, ಮನೇಲಿ ಯಾವ ಸೋಪು ಹಾಕ್ತೀಯ?"

"ಸೋಪಿಂದ ಆಗಿದ್ದಲ್ಲ ಸಾರ್. ಔಷಧಿಯಿಂದ."

"ಔಷಧಿಯಿಂದ ಆಗಿದ್ರೆ ಉಳಿದಿಬ್ಬರಿಗೂ ಆಗ್ಬೇಕಿತ್ತಲ್ಲ?"

"ಮಳೇಲಿ ನೆಂದೋರಿಗೆಲ್ಲ ಜ್ವರ ಬರುತ್ತಾ ಸಾರ್? ಬಂದೋರಿಗೆ ಬಂದಿದ್ದು ಮಾತ್ರ ಸುಳ್ಳಾಗಲ್ಲ."

ಯಜಮಾನರು ಮೇಜಿನ ಮೇಲಿದ್ದ ಒಂದು ಕಾಗದವನ್ನು ಬೆರಳ ತುದಿಯಿಂದ ಅವಳ ಕಡೆ ತಳ್ಳಿದರು. ಅವಳ ಕೈ ತಾಗಬಾರದು ಎಂಬ ಎಚ್ಚರ ಆ ಬೆರಳಿನಲ್ಲಿತ್ತು. ಅವಳೇ ಬರೆದಂತೆ ಟೈಪು ಮಾಡಿದ ಕಾಗದ: ನನ್ನ ಚರ್ಮರೋಗ ವಂಶದಿಂದ ಬಂದದ್ದು, ಕೆಲಸಕ್ಕೂ ಅದಕ್ಕೂ ಸಂಬಂಧವಿಲ್ಲ, ಸ್ವಂತ ಇಚ್ಛೆಯಿಂದ ಕೆಲಸ ಬಿಡುತ್ತಿದ್ದೇನೆ. ಕೆಳಗೆ ಸಹಿಗೆ ಜಾಗ.

ಅಕ್ಕ ನಿಧಾನವಾಗಿ ಓದಿದಳು. "ನಮ್ಮಪ್ಪ ಅಮ್ಮ ಇಬ್ಬರ ಚರ್ಮಾನೂ ಚೆನ್ನಾಗಿತ್ತು. ಹೋದೋರ ಮೇಲೆ ಸುಳ್ಳು ಬರೆದು ಸಹಿ ಹಾಕಕ್ಕಾಗಲ್ಲ. ವಂಶ ಅಂತೀರಲ್ಲ, ಇಗೋ ನನ್ನ ತಮ್ಮ. ಇವನ ಕೈ ನೋಡಿ."

"ಅವನು ಕೋಲಲ್ಲಿ ಕಲಸ್ತಾನೆ."

"ಅದನ್ನೇ ನಾನೂ ಹೇಳ್ತಿರೋದು ಸಾರ್. ಕೈ ಅದ್ದಿದೋಳಿಗೆ ಆಯ್ತು, ಅದ್ದದೇ ಇದ್ದೋನಿಗೆ ಆಗಲಿಲ್ಲ."

ಬಿಳಿ ಅಂಗಿ ಕಾಗದವನ್ನು ಬೆರಳ ತುದಿಯಿಂದಲೇ ತಮ್ಮ ಕಡೆ ಎಳೆದುಕೊಂಡರು.

"ಈಗ ಏನು ಮಾಡು ಅಂತೀಯ?"

"ಮೆಟಾಲ್ ಬಿಟ್ಟು ಫೆನಿಡೋನ್ ತರಿಸಿ. ಇಕ್ಕಳ ಕೊಡಿ. ನನ್ನ ಕೈ ವಾಸಿಯಾಗೋ ತನಕ ಒಣ ಕೆಲಸಕ್ಕೆ ಹಾಕಿ, ಕಾಗದ ಕತ್ತರಿಸ್ತೀನಿ. ಸುಳ್ಳು ಕಾರಣಕ್ಕೆ ಮಾತ್ರ ಹೋಗಲ್ಲ."

ಫೆನಿಡೋನ್ ವಿಷಯ ಅವಳಿಗೆ ಹೇಳಿದವನು ನಾನು. ಔಷಧಿ ಕಂಪನಿಯ ಚೀಟಿಯಲ್ಲಿ ಓದಿದ್ದೆ. ಮೆಟಾಲಿನ ಕೆಲಸವನ್ನೇ ಅದು ಮಾಡುತ್ತದೆ. ಹತ್ತು ಚಮಚ ಮೆಟಾಲ್ ಹಾಕುವಲ್ಲಿ ಒಂದು ಚಮಚ ಸಾಕು. ಚರ್ಮದ ತಂಟೆಗೆ ಬಹಳ ಅಪರೂಪಕ್ಕೆ ಹೋಗುತ್ತದೆ. ತಣ್ಣೀರಿನಲ್ಲಿ ಕರಗಲು ಸ್ವಲ್ಪ ಸತಾಯಿಸುತ್ತದೆ ಅನ್ನುವುದು ಬಿಟ್ಟರೆ ಒಳ್ಳೆಯ ಮನೆತನದ್ದು.

"ಎರಡು ಡ್ರಮ್ಮು ಮೆಟಾಲ್ ಗೋಡೌನಲ್ಲಿದೆ," ಅಂದರು ಯಜಮಾನರು. "ಅದನ್ನ ಯಾರು ಕುಡೀತಾರೆ?"

ಕೆಳಗೆ ಬಂದು ಹೇಳಿದಾಗ ಗೊಣಗಮ್ಮ, "ಅವರೇ ಕುಡೀಲಿ, ಹೊಟ್ಟೆ ಒಳಗಿರೋದೆಲ್ಲ ಡೆವಲಪ್ ಆಗಿ ಕಾಣ್ಲಿ," ಎಂದಳು.

ಉದ್ದಕ್ಕ ಹಾಳಾದ ಒಂದು ಫೋಟೋವಿನ ಬೆನ್ನ ಮೇಲೆ ಕಾರ್ಮಿಕ ಇಲಾಖೆಗೆ ಅರ್ಜಿ ಬರೆದಳು. ಮೂವರೂ ಸಹಿ ಹಾಕಿದರು. ಅಕ್ಕ ಪೆನ್ನನ್ನು ಎರಡು ಅಂಗೈ ನಡುವೆ ಒತ್ತಿ ಹಿಡಿದು ಹಾಕಿದಳು.

ಇಲಾಖೆ ಎಚ್ಚರವಾಗಲು ಏಳು ವಾರ ಹಿಡಿಯಿತು. ಕೊನೆಗೆ ಒಬ್ಬ ಇನ್‌ಸ್ಪೆಕ್ಟರ್ ಬಂದ. ಮೇಲಿನ ಕೋಣೆಯಲ್ಲಿ ಫ್ಯಾನಿನ ಕೆಳಗೆ ಒಂದು ಗಂಟೆ ತನಿಖೆ ಮಾಡಿದ. ತನಿಖೆಗೆ ಒಳಪಟ್ಟದ್ದು ಎರಡು ತಂಪು ಪಾನೀಯ ಮತ್ತು ಒಂದು ತಟ್ಟೆ ಬಿಸ್ಕತ್ತು. ಆಮೇಲೆ ಹದಿನಾಲ್ಕು ಮೆಟ್ಟಿಲನ್ನು ಏದುಸಿರು ಬಿಡುತ್ತ ಇಳಿದು, ಪರದೆಗೆ ಸಿಕ್ಕಿಕೊಂಡು, ಒಳಗೆ ಬಂದು ಕೆಂಪು ಬೆಳಕಿನಲ್ಲಿ ಕಣ್ಣು ಕಿರಿದು ಮಾಡುತ್ತ ನಿಂತ. ಅವನ ಹಿಂದೆ ಬಿಳಿ ಅಂಗಿ. ಆ ಬೆಳಕಿನಲ್ಲಿ ಅದು ಜೀವನದಲ್ಲಿ ಮೊದಲ ಸಲ ಕೆಂಪಾಗಿ ಕಂಡಿತು.

"ಇದೇನಾ ಸಾರ್, ವಿಷ ಅಂತ ಬರೆದಿರೋದು?" ಯಜಮಾನರು ತೋಳು ಮಡಿಸಿದರು. ಮೊದಲನೆಯ ತಟ್ಟೆಯೊಳಗೆ ಮಣಿಕಟ್ಟಿನ ತನಕ ಕೈ ಅದ್ದಿದರು. ಅದ್ದಿದ್ದಷ್ಟೇ ಅಲ್ಲ, ಕೊಳದಲ್ಲಿ ಆಡುವ ಮಗುವಿನ ಹಾಗೆ ಕಲಕಿದರು. "ನೋಡಿ. ಎಳೇ ಕೂಸಿಗೆ ಸ್ನಾನ ಮಾಡಿಸ್ಬಹುದು. ನೀವೂ ಮುಟ್ಟಿ ನೋಡಿ ಸಾರ್."

ಇನ್‌ಸ್ಪೆಕ್ಟರ್ ಒಂದು ಬೆರಳು ತಾಗಿಸಿ, ಉಜ್ಜಿ ನೋಡಿ, "ಜಾರುತ್ತೆ," ಎಂದ.

"ಸೋಡಾ ಇರುತ್ತಲ್ಲ ಸಾರ್, ಅದಕ್ಕೆ."

"ಹಾನಿ ಏನಿಲ್ಲ ಅಂತ ಬರೀಲಾ ಹಾಗಾದ್ರೆ?"

"ನಿಮ್ಮ ಕಣ್ಣಾರೆ ನೋಡಿದ್ದೀರಿ."

ಆಗ ಎದ್ದೆ ನೋಡಿ ನಾನು. ನನ್ನ ಮೂಗು ಸಾಮಾನ್ಯ ಮೂಗಲ್ಲ. ಆ ತಟ್ಟೆಯಲ್ಲಿ ಮೆಟಾಲ್ ಇಲ್ಲ ಎಂದು ಹತ್ತು ಅಡಿ ದೂರದಿಂದ ಹಿಡಿದಿತ್ತು. ಪಕ್ಕದಲ್ಲಿ ಯಜಮಾನರ ಐನೂರು ಮುಖದ ಕೆಲಸ ನಡೆಯುತ್ತಿತ್ತು. ಅವರ ನೆಗೆಟಿವ್ ಮೂಲಕ ಬೆಳಕು ಬಿಟ್ಟು ಇಟ್ಟ ಒಂದು ಕಾಗದ ತೆಗೆದೆ, ಅವರ ಕೈಯಿರುವ ತಟ್ಟೆಯೊಳಗೇ ಬಿಟ್ಟೆ. "ಇದು ಡೆವಲಪರ್ ಆಗಿದ್ರೆ ಮುಖ ಏಳ್ಬೇಕಲ್ಲ ಸಾರ್. ನೋಡೋಣ," ಎಂದೆ.

ಎಲ್ಲರೂ ಬಗ್ಗಿ ನೋಡಿದರು. ಅರ್ಧ ನಿಮಿಷ. ಒಂದು ನಿಮಿಷ. ಎರಡು. ಕಾಗದ ಬೆಳ್ಳಗೆ ತೇಲುತ್ತಿತ್ತು. ಮೀಸೆಯಿಲ್ಲ, ಕಣ್ಣಿಲ್ಲ, ಕಿವಿಯಂತೂ ಇಲ್ಲವೇ ಇಲ್ಲ. ಯಜಮಾನರ ಐದು ಬೆರಳು ಮಾತ್ರ ಅದರ ಪಕ್ಕದಲ್ಲಿ ಸತ್ತ ಮೀನಿನ ಹಾಗೆ ನಿಂತಿದ್ದವು.

"ಏನ್ ಸಾರ್," ಎಂದೆ, "ನಿಮ್ಮ ಮುಖ ನಿಮ್ಮ ತಟ್ಟೇಲೇ ಏಳ್ತಿಲ್ಲವಲ್ಲ."

ಅಷ್ಟು ಹೇಳಿದ್ದೇ ತಡ, ಬಿಳಿ ಅಂಗಿ ಕುಗ್ಗಿ ಕುಗ್ಗಿ ಸ್ಟೂಲಿನಷ್ಟೆತ್ತರವಾದರು. ಇನ್‌ಸ್ಪೆಕ್ಟರನ ಪೆನ್ನು ನಾಚಿಕೆಯಿಂದ ಒಣಗಿತು. ಮರುದಿನ ಬೆಳಿಗ್ಗೆ ಒಂದು ಲಾರಿ ಫೆನಿಡೋನ್ ಬಂದು ಬಾಗಿಲಲ್ಲಿ ನಿಂತಿತು, ಹಿಂದೆ ಇನ್ನೊಂದು ಲಾರಿ ತುಂಬ ಇಕ್ಕಳ. ಊರಿಗೆ ಊರೇ ನನ್ನನ್ನು ಹೊತ್ತು ಮೆರೆಸಿತು.

ಬೀದಿಯ ತುದಿಯ ಟೀ ಅಂಗಡಿಯಲ್ಲಿ ಈ ಕಥೆಯನ್ನು ಇಲ್ಲಿಯವರೆಗೆ ನಾನೂರು ಸಲವಾದರೂ ಹೇಳಿರಬೇಕು. ಪ್ರತಿ ಸಲವೂ ಕಾಗದ ಬೆಳ್ಳಗೆ ಉಳಿಯುವ ಜಾಗ ಬಂದಾಗ ಟೀ ಕಾಯಿಸುವವನು ಸೌಟು ಮೇಲೆತ್ತಿ ಹಿಡಿದು ನಿಂತುಬಿಡುತ್ತಾನೆ. ಹಾಲು ಉಕ್ಕಿದ್ದೂ ಉಂಟು.

ಹೋದ ವಾರ ಹೀಗೇ ಲಾರಿಯನ್ನು ಬಾಗಿಲಿಗೆ ತಂದು ನಿಲ್ಲಿಸುತ್ತಿದ್ದೆ. ಕೇಳುತ್ತಿದ್ದವರ ಕಣ್ಣು ನನ್ನ ಮೇಲಿಂದ ಜಾರಿ ಹಿಂದಕ್ಕೆ ಹೋಯಿತು. ತಿರುಗಿ ನೋಡಿದೆ. ಅಕ್ಕ ನಿಂತಿದ್ದಳು. ಎರಡೂ ಕೈಗೆ ಹಳೆಯ ಹತ್ತಿ ಬಟ್ಟೆ ಸುತ್ತಿಕೊಂಡಿದ್ದಳು.

"ಮುಂದುವರಿಸಪ್ಪಾ," ಎಂದಳು. "ನಾನೂ ಕೇಳ್ತೀನಿ."

"ಮುಗೀತು ಕಣಕ್ಕಾ."

"ಮುಗೀಲಿಲ್ಲ. ತಟ್ಟೇಲಿ ಔಷಧಿ ಇರಲಿಲ್ಲ ಅಂದ್ಯಲ್ಲ. ಮತ್ತೇನಿತ್ತು?"

"ನೀರು."

"ಬರೀ ನೀರಾದ್ರೆ ಜಾರಲ್ವಲ್ಲ."

"ಸ್ವಲ್ಪ ಸೋಡಾ."

"ಯಾರು ಹಾಕಿದ್ದು?"

ಬೆಂಚಿನ ಮೇಲಿದ್ದ ಒಬ್ಬ ನನ್ನ ಪರವಾಗಿ, "ಆ ಯಜಮಾನನೇ ಹಾಕಿರ್ತಾನೆ ಬಿಡಮ್ಮಾ," ಎಂದ.

"ಅವರಿಗೆ ನಲ್ಲಿ ಎಲ್ಲಿದೆ ಅಂತಾನೂ ಗೊತ್ತಿಲ್ಲ," ಎಂದಳು ಅಕ್ಕ. ಆಮೇಲೆ ನನ್ನ ಕಡೆ ನೋಡಿದಳು. ಬೈಯಲಿಲ್ಲ. ಬೈದಿದ್ದರೆ ಎದುರು ಜೋಡಿಸಲು ನನ್ನಲ್ಲಿ ನೂರು ಮಾತಿದ್ದವು. "ಉದ್ದಕ್ಕ ಇಲಾಖೆಯ ಮೇಲಿನ ಆಫೀಸಿಗೆ ಬರೆದಿದ್ದಾಳೆ ಕಣೋ. ಅವರು ಒಪ್ಕೊಂಡಿದ್ದಾರೆ, ಮತ್ತೆ ವಿಚಾರಣೆ ಮಾಡ್ತಾರಂತೆ. ಆದ್ರೆ ತಟ್ಟೆ ತುಂಬಿದೋರು ಬಂದು ಹೇಳ್ಬೇಕಂತೆ. ಇಲ್ಲಾಂದ್ರೆ ವಂಶದ ಕಾಯಿಲೆ ಅನ್ನೋದೇ ಖಾಯಂ ಆಗುತ್ತೆ. ನಾಳೆ ನನ್ನ ಮಗಳ ಮದುವೆ ಮಾತಿಗೂ ಅದೇ ಕಾಗದ ಬರುತ್ತೆ."

ಟೀ ಅಂಗಡಿಯವನು ಸೌಟನ್ನು ಕೆಳಗಿಟ್ಟ. ನಾನು ಎದ್ದು ಹೊರಟೆ. ಯಾರೂ ತಡೆಯಲಿಲ್ಲ.

ಆದ್ದರಿಂದ ಇದನ್ನು ಬರೆಯುತ್ತಿದ್ದೇನೆ. ನಾಳೆ ಉದ್ದಕ್ಕನ ಕೈಯಲ್ಲಿ ಕೊಡುತ್ತೇನೆ. ವಿಚಾರಣೆಗೂ ಹೋಗುತ್ತೇನೆ. ಮೇಲಿನದನ್ನು ಓದಿ ನಗುವವರು ನಗಲಿ. ಇನ್ನು ಮುಂದಿನದು ನಡೆದದ್ದು.

ಇನ್‌ಸ್ಪೆಕ್ಟರ್ ಬರುವ ದಿನ ಬೆಳಿಗ್ಗೆ ಯಜಮಾನರು ನನ್ನನ್ನು ಮೇಲೆ ಕರೆಸಿದರು. ಕೂರಿಸಿದರು. ಅಲ್ಲಿಯವರೆಗೆ ಆ ಕೋಣೆಯಲ್ಲಿ ನಾನು ಕೂತಿರಲಿಲ್ಲ. "ನೀನಿಲ್ಲದೆ ಈ ಲ್ಯಾಬಿಲ್ಲ ಕಣಯ್ಯಾ," ಎಂದರು. ಒಂದು ಹಿತ್ತಾಳೆಯ ಫಲಕ ತೋರಿಸಿದರು. ಅದರಲ್ಲಿ 'ಮುಖ್ಯ ರಸಾಯನ ತಜ್ಞರು' ಎಂದು ಕೆತ್ತಿಸಿದ್ದರು. ನನ್ನ ಕೋಣೆಯ ಬಾಗಿಲಿಗೆ ಹಾಕಿಸುತ್ತೇನೆ ಎಂದರು. ಆಮೇಲೆ ಒಂದು ಕಾಗದ ಕೊಟ್ಟರು. ಡೆವಲಪರಿನಿಂದ ಚರ್ಮಕ್ಕೆ ಯಾವ ಹಾನಿಯೂ ಇಲ್ಲ ಎಂದು ಬರೆದಿತ್ತು. ರಸಾಯನ ತಜ್ಞರ ಸಹಿ ಬೇಕಿತ್ತು. ಹಾಕಿದೆ.

"ಮೊದಲನೇ ತಟ್ಟೆ ನಾನು ಮುಟ್ಟೋ ಹಾಗಿರಲಿ," ಎಂದರು. ನನಗೆ ಅರ್ಥವಾಯಿತು. ಏನೂ ಆಗುವುದಿಲ್ಲ ಎಂದು ಎರಡು ವರ್ಷದಿಂದ ಅಕ್ಕನಿಗೆ ಹೇಳಿದ ಮನುಷ್ಯ ಅರ್ಧ ನಿಮಿಷ ತನ್ನ ಕೈ ಅದ್ದಲು ಹೆದರುತ್ತಿದ್ದ. ಅರ್ಥವಾದರೂ ಸುಮ್ಮನಿದ್ದೆ. ನನ್ನ ತಲೆಯಲ್ಲಿ ಫಲಕ ಹೊಳೆಯುತ್ತಿತ್ತು.

ಕಾಗದವನ್ನು ತಟ್ಟೆಗೆ ಬಿಟ್ಟವಳು ಅಕ್ಕ. ಸೀಳಿದ ಬೆರಳಲ್ಲಿ ಹಿಡಿಯಲಾಗದೆ ಎರಡು ಅಂಗೈ ನಡುವೆ ಹಿಡಿದು ಬಿಟ್ಟಳು. ನಿಮ್ಮ ಮುಖ ನಿಮ್ಮ ತಟ್ಟೆಯಲ್ಲೇ ಏಳುತ್ತಿಲ್ಲ ಎಂದವಳೂ ಅವಳೇ. ಆ ಮಾತನ್ನು ನಾನು ಕದ್ದೆ. ಆಗ ನಾನು ಮೂಲೆಯಲ್ಲಿ ಬಕೆಟ್ಟಿನ ಹಿಂದೆ ನಿಂತಿದ್ದೆ.

ಇನ್‌ಸ್ಪೆಕ್ಟರ್ ನನ್ನ ಕಡೆ ತಿರುಗಿದ. "ಏನ್ರೀ ತಜ್ಞರೇ, ಯಾಕೆ ಬರ್ತಿಲ್ಲ?"

"ಕಾಗದ ಹಳೇದು ಸಾರ್," ಎಂದೆ.

ಅಕ್ಕ ಅದೇ ಪೊಟ್ಟಣದಿಂದ ಇನ್ನೊಂದು ಹಾಳೆ ತೆಗೆದು, ಅದೇ ನೆಗೆಟಿವ್ ಮೂಲಕ ಬೆಳಕು ಬಿಟ್ಟು, ಎರಡನೆಯ ತಟ್ಟೆಗೆ ಹಾಕಿದಳು. ಅದರಲ್ಲಿ ನಿಜವಾದ ಮೆಟಾಲ್ ಇತ್ತು. ತಾನೇ ಕೈ ಅದ್ದಿ ತಿರುವಿದಳು. ಯಜಮಾನರ ಮುಖ ಚೆನ್ನಾಗಿ ಎದ್ದು ಬಂತು. ಇನ್‌ಸ್ಪೆಕ್ಟರ್ ಅದನ್ನು ನೋಡಿದ. ಕೈಗಡಿಯಾರವನ್ನೂ ನೋಡಿದ. ಅವನ ಫೈಲು ಅಷ್ಟರಲ್ಲಿ ಮುಚ್ಚಿಯಾಗಿತ್ತು.

ಅಂದು ಸಂಜೆ ವಂಶದ ಕಾಯಿಲೆ ಎಂದು ಬರೆದು ಅಕ್ಕನನ್ನು ಕೆಲಸದಿಂದ ತೆಗೆದರು. ಉದ್ದಕ್ಕ ಮತ್ತು ಗೊಣಗಮ್ಮ ತಟ್ಟೆಯಿಂದ ಕೈ ತೆಗೆದು ಮಡಿಲಲ್ಲಿಟ್ಟುಕೊಂಡು ಕೂತರು. ಮರುದಿನವೂ ಹಾಗೇ ಕೂತರು. ಐನೂರು ಮುಖ ತೊಳೆಯುವ ತೊಟ್ಟಿಯಲ್ಲೇ ಉಳಿದವು. ಗೊಣಗಮ್ಮ ಆ ಎರಡು ದಿನ ಒಂದು ಮಾತೂ ಆಡಲಿಲ್ಲ. ಮೂರನೆಯ ದಿನ ಇಕ್ಕಳದ ಬೀರುವಿನ ಬೀಗ ತೆರೆಯಿತು. ವಾರದಲ್ಲಿ ಫೆನಿಡೋನ್ ಬಂತು. ಲಾರಿಯಲ್ಲಲ್ಲ, ಅಂಗೈಯಗಲದ ಒಂದು ಡಬ್ಬಿಯಲ್ಲಿ. ಅದನ್ನು ಕಲಸುವವನು ನಾನೇ. ಅಕ್ಕನನ್ನು ಮಾತ್ರ ಮತ್ತೆ ಕರೆಯಲಿಲ್ಲ.

ತಟ್ಟೆ ತುಂಬಿದವನು ನಾನು. ನಲ್ಲಿಯ ನೀರು, ಎರಡು ಚಮಚ ಸೋಡಾ. ಬಣ್ಣ ಬರಲಿ ಎಂದು ನನ್ನ ಲೋಟದಲ್ಲಿ ಉಳಿದಿದ್ದ ತಣ್ಣನೆಯ ಟೀ. ಮೆಟಾಲ್ ಹಾಕಿರಲಿಲ್ಲ.

ಕಾಗದ ಹಳೆಯದಾಗಿರಲಿಲ್ಲ.